ನಕಾಶೆ ಕಂಡ ದಾರಿ

ಎಲ್ಲರಿಗೂ ನಮಸ್ಕಾರ. ನಾಳೆ ಅರ್ಕಾವತಿ ದಂಡೆಯ ನಡಿಗೆಗೆ ಬೆಳಗ್ಗೆ ಬೇಗ ಏಳಬೇಕು, ಜಾಸ್ತಿ ಹೊತ್ತು ಕೂರಿಸುವುದಿಲ್ಲ. ನೀರು, ಟೋಪಿ, ಬುತ್ತಿ ಎಲ್ಲ ವಾಟ್ಸಾಪ್‌ನಲ್ಲಿ ಬಂದಿದೆ. ನಾನು ಹೇಳುವುದು ದಾರಿಯ ವಿಷಯ.

ಕಂದಾಯ ಇಲಾಖೆಯವರ ಬಾಯಲ್ಲಿ ಒಂದು ಮಾತಿದೆ, ‘ನಕಾಶೆ ಕಂಡ ದಾರಿ’. ಗ್ರಾಮ ನಕ್ಷೆಯಲ್ಲಿ ಗುರುತು ಮಾಡಿರುವ ದಾರಿ ಅಂತ ಅರ್ಥ. ಬಂಡಿದಾರಿ, ಕಾಲುದಾರಿ, ಹಳ್ಳ, ಕೆರೆ ಎಲ್ಲ ಅದರಲ್ಲಿ ಇರುತ್ತವೆ. ನಕ್ಷೆಯಲ್ಲಿ ಇಲ್ಲದೆ ಜನ ಓಡಾಡಿಯೇ ಆಗಿರುವುದು ರೂಢಿ ದಾರಿ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡರೆ ನಿಂತ ಜಾಗದ ಸರ್ವೆ ನಂಬರು ಸಿಗುತ್ತದೆ. ಬೇರೆ ಮ್ಯಾಪುಗಳನ್ನು ನಂಬಿ ಹೊರಟರೆ ಟಾರು ರಸ್ತೆಗೇ ತಂದು ಬಿಡುತ್ತವೆ.

ಕಳೆದ ವರ್ಷ ಏನಾಯಿತು ಅಂದರೆ, ನಕ್ಷೆಯಲ್ಲಿ ಬಂಡಿದಾರಿ ಇದ್ದ ಕಡೆ ನೆಲದ ಮೇಲೆ ತಂತಿ ಬೇಲಿ ಇತ್ತು. ಒಳಗೆ ಹೊಸ ಬಡಾವಣೆ, ಸೈಟಿಗೆ ನೆಟ್ಟ ಕಲ್ಲುಗಳು. ಕಾವಲುಗಾರ ‘ಇಲ್ಲಿ ದಾರಿ ಇಲ್ಲ’ ಎಂದ. ನಾವು ಹದಿನೆಂಟು ಜನ ಫೋನು ತೋರಿಸಿ ವಾದ ಮಾಡುತ್ತಾ ನಿಂತೆವು. ಅಷ್ಟರಲ್ಲಿ ಒಬ್ಬ ಅಜ್ಜಿ ಕುರಿ ಹೊಡೆದುಕೊಂಡು ಬಂದರು. ಬೇಲಿಯ ಮೂಲೆಯಲ್ಲಿ ತಂತಿ ಒಂದಿಷ್ಟು ಸಡಿಲವಾಗಿತ್ತು. ಕೋಲಿನಿಂದ ಅದನ್ನು ಎತ್ತಿ ಹಿಡಿದರು. ಕುರಿಗಳು ಒಂದೊಂದಾಗಿ ನುಸುಳಿದವು. ಅಲ್ಲಿ ಮಣ್ಣು ಸವೆದು ನುಣ್ಣಗಾಗಿತ್ತು, ತಂತಿಗೆ ಉಣ್ಣೆ ಸಿಕ್ಕಿಕೊಂಡಿತ್ತು. ‘ದಾರಿ ಇಲ್ದೆ ನಾನೇನ್ ಹಾರ್ಕಂಡ್ ಬಂದ್ನಾ?’ ಅಂತ ನಮಗೋ ಅವನಿಗೋ ಹೇಳಿ ಅಜ್ಜಿಯೂ ಬಗ್ಗಿ ಹೋದರು. ನಾವು ಮಾತ್ರ ಮೂರು ಕಿಲೋಮೀಟರ್ ಸುತ್ತಿದೆವು. ನಮ್ಮ ಸೊಂಟ ಅಷ್ಟು ಬಗ್ಗುವುದಿಲ್ಲ ಬಿಡಿ.

ಅವತ್ತಿಂದ ನನಗೆ ಒಂದು ಅನಿಸಿಕೆ ಇದೆ. ಜನ ಓಡಾಡುವುದು ನಿಲ್ಲಿಸಿದ ದಾರಿಗೆ ಮೊದಲು ಲಂಟಾನ ಬರುತ್ತದೆ, ಆಮೇಲೆ ಬೇಲಿ ಬರುತ್ತದೆ. ಬೇಲಿ ಹಾಕಿದವರನ್ನು ಬೈಯುತ್ತೇವೆ. ಹತ್ತು ವರ್ಷ ಅಲ್ಲಿ ಕಾಲಿಡದವರು ನಾವೇ ಅಲ್ವಾ?

ನಾಳೆ ತಿಪ್ಪಗೊಂಡನಹಳ್ಳಿ ಅಣೆಕಟ್ಟಿನ ಕೆಳಗಿಂದ ಅರ್ಕಾವತಿ ದಂಡೆ ಹಿಡಿದು ಮಂಚನಬೆಲೆ ಜಲಾಶಯದ ಕಡೆ ಹೋಗುತ್ತೇವೆ. ನಂದಿ ಬೆಟ್ಟದಲ್ಲಿ ಹುಟ್ಟುವ ಹೊಳೆ ಇದು. ಶಿವಗಂಗೆ ಕಡೆಯಿಂದ ಬರುವ ಕುಮುದ್ವತಿ ಇಲ್ಲೇ ಸೇರಿಕೊಳ್ಳುತ್ತದೆ. ಬೆಂಗಳೂರಿನ ಹಳೇ ಕೊಳಾಯಿಗಳಲ್ಲಿ ಬರುತ್ತಿದ್ದದ್ದು ಈ ಹೊಳೆಯ ನೀರೇ. 1894ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ. 1974ರಲ್ಲಿ ಕಾವೇರಿ ಬಂದ ಮೇಲೆ ನಗರಕ್ಕೆ ಅರ್ಕಾವತಿ ನಿಧಾನವಾಗಿ ಮರೆತುಹೋಯಿತು. ಮೇಲಿನ ಹಳ್ಳಿಗಳಲ್ಲಿ ಬೋರ್‌ವೆಲ್ ಜಾಸ್ತಿಯಾದವು, ನೀಲಗಿರಿ ತೋಪುಗಳು ಎದ್ದವು. 2017ರಲ್ಲಿ ಸರ್ಕಾರ ನೀಲಗಿರಿ ನೆಡುವುದನ್ನೇ ನಿಷೇಧಿಸಿತು. ಅಷ್ಟರಲ್ಲಿ ಹೊಳೆ ಬಹಳ ಸೊರಗಿತ್ತು.

ದಂಡೆಯಲ್ಲಿ ಹೊಂಗೆ, ಅತ್ತಿ, ಹೊಳೆಮತ್ತಿ ಸಿಗುತ್ತವೆ. ಹೊಳೆಮತ್ತಿಯ ಬಿಳಿ ತೊಗಟೆ ದೂರದಿಂದಲೇ ಗೊತ್ತಾಗುತ್ತದೆ. ಆಮೇಲೆ ಸಾವನದುರ್ಗದ ಕಡೆಯ ಕುರುಚಲು ಕಾಡು. ಆನೆ, ಕರಡಿ, ಚಿರತೆ ಮೂರೂ ಇರುವ ಜಾಗ. ಗುಂಪು ಬಿಟ್ಟು ಯಾರೂ ಹೋಗಬೇಡಿ. ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಮುಂದೆ ಇರಲಿ. ಮಂಚನಬೆಲೆ ನೀರಿಗಂತೂ ಇಳಿಯಲೇಬೇಡಿ. ನೋಡಲು ಶಾಂತವಾಗಿದೆ, ಆದರೆ ಈಜಲು ಹೋಗಿ ಮುಳುಗಿದವರ ಸುದ್ದಿ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ.

ನನಗೆ ಇಷ್ಟವಾದ ತುಂಡು ಕಾಡೂ ಅಲ್ಲ, ಹೊಳೆಯೂ ಅಲ್ಲ. ನಡುವೆ ಬರುವ ರಾಗಿ ಹೊಲಗಳು. ಏಳೆಂಟು ಸಾಲು ರಾಗಿಗೆ ಒಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ಜೋಳ, ಹಳದಿ ಹೂವಿನ ಹುಚ್ಚೆಳ್ಳು. ಬದುವಿನ ಮೇಲೆ ಒಬ್ಬರ ಹಿಂದೆ ಒಬ್ಬರು ಹೋಗಬೇಕು. ಇಬ್ಬನಿ ಆರುವ ಮೊದಲು ಹೋದರೆ ಅವರೆಯ ಸೊಗಡು ಪ್ಯಾಂಟಿಗೆ ಅಂಟುತ್ತದೆ. ಮನೆಗೆ ಬಂದು ಒಗೆಯುವಾಗಲೂ ವಾಸನೆ ಇರುತ್ತದೆ. ಸುಮ್ನೆ ಕಾಯಿ ಕೀಳಬೇಡಿ. ಕೇಳಿದರೆ ಹೊಲದವರೇ ಮಡಿಲು ತುಂಬ ಕೊಡುತ್ತಾರೆ.

ಆ ಬೇಲಿ ಈ ಸಲವೂ ದಾರಿಯಲ್ಲೇ ಸಿಗುತ್ತದೆ. ಗ್ರಾಮ ನಕ್ಷೆ ಪ್ರಿಂಟ್ ಹಾಕಿಸಿ ಲ್ಯಾಮಿನೇಟ್ ಮಾಡಿಸಿದ್ದೇನೆ. ಕಾವಲುಗಾರ ಬದಲಾಗಿದ್ದಾನಂತೆ. ಬಸ್ಸು ಆರೂವರೆಗೆ, ಯಾರಿಗೂ ಕಾಯುವುದಿಲ್ಲ.