‘ಬಂದಲಿಲ್ಲ’ ಅಂತ ಯಾರಾದ್ರೂ ಅಂತಾರಾ?

ಎಲ್ರಿಗೂ ನಮಸ್ಕಾರ. ಇಂಗ್ಲಿಷ್ ಕಲೀತಾ ಇರೋರ ಜೊತೆ ಇವತ್ತು ಸ್ವಲ್ಪ ಹೊತ್ತು ಮಾತಾಡೋಣ ಅಂತ ಬಂದಿದೀನಿ.

ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ಕಾಲ, ಒಂದಿನ ಫೋನ್ ಬಂತು, ಎತ್ತಿದ್ರೆ ಆ ಕಡೆಯಿಂದ ಇಂಗ್ಲಿಷು, ಸಾಹೇಬ್ರು ಇದಾರಾ ಅಂತ ಕೇಳ್ತಿದಾರೆ ಅನ್ನೋದೇನೋ ಗೊತ್ತಾಯ್ತು, ಧೈರ್ಯ ಮಾಡಿ ‘ಹಿ ಡಿಡಂಟ್ ಕೇಮ್’ ಅಂದ್ಬಿಟ್ಟೆ. ಅವರಿಗೆ ಅರ್ಥ ಆಯ್ತು, ಥ್ಯಾಂಕ್ಸ್ ಹೇಳಿ ಇಟ್ರು. ಪಕ್ಕದ ಟೇಬಲ್ಲಲ್ಲಿದ್ದ ಹಿರಿಯರೊಬ್ರು ಮಾತ್ರ ತಲೆ ಎತ್ತದೇನೇ ಕೇಳಿದ್ರು, ‘ಏನಪ್ಪಾ, ಕನ್ನಡದಲ್ಲೂ ಬಂದಲಿಲ್ಲ ಅಂತೀಯಾ?’

ಅಷ್ಟೇ ಹೇಳಿದ್ದು ಅವರು. ನನಗೆ ಅರ್ಥ ಆಗೋಕೆ ಎರಡು ದಿನ ಹಿಡೀತು.

ನೋಡಿ, ‘ಬಂದ’ ಅಂತೀವಿ. ಇಲ್ಲ ಅನ್ನೋವಾಗ ‘ಬಂದಲಿಲ್ಲ’ ಅನ್ನಲ್ಲ, ‘ಬರ್ಲಿಲ್ಲ’ ಅಂತೀವಿ. ‘ಬಂದ’ ಅನ್ನೋ ರೂಪ ಮಾಯ ಆಗಿ ‘ಬರು’ ವಾಪಸ್ ಬಂತು. ಇಂಗ್ಲಿಷಲ್ಲೂ ಹಂಗೇನೇ, ‘ಕೇಮ್’ ಹೋಗಿ ‘ಡಿಡಂಟ್ ಕಮ್’. ನಡೆದುಹೋದ ಕಾಲ ಅನ್ನೋ ಭಾರನ ‘ಡಿಡ್’ ಒಂದೇ ಹೊತ್ಕೊಂಡಾಗಿದೆ, ಕ್ರಿಯಾಪದ ಕೈ ಬೀಸ್ಕೊಂಡು ಬರತ್ತೆ. ಪ್ರಶ್ನೆಯಲ್ಲೂ ಅದೇ, ‘ಡಿಡ್ ಯು ಗೋ’, ‘ಡಿಡ್ ಯು ವೆಂಟ್’ ಅಲ್ಲ. ಇಷ್ಟು ವರ್ಷ ಗ್ರಾಮರ್ ಪುಸ್ತಕ ಉರು ಹೊಡೆದ್ರೂ ಕೂರದೇ ಇದ್ದಿದ್ದು ಒಂದು ‘ಬಂದಲಿಲ್ಲ’ದಿಂದ ಕೂತ್ಕೊಂಡ್ತು.

ಅವತ್ತಿಂದ ನನಗೊಂದು ಚಟ, ಇಂಗ್ಲಿಷಲ್ಲಿ ಏನೇ ವಿಚಿತ್ರ ಅನ್ಸಿದ್ರೂ ಇದು ನಮ್ಮ ಮಾತಲ್ಲಿ ಎಲ್ಲಾದ್ರೂ ಇದ್ಯಾ ಅಂತ ಹುಡುಕೋದು.

ಈಗ ‘ಯು ಆರ್’ ತಗೊಳ್ಳಿ. ಎದುರಿಗೆ ಇರೋದು ಒಬ್ರೇ, ಆದ್ರೂ ಬಹುವಚನದ ‘ಆರ್’ ಯಾಕೆ? ಯಾಕಂದ್ರೆ ‘ಯು’ ಹುಟ್ಟಿದ್ದೇ ಬಹುವಚನವಾಗಿ, ನಮ್ಮ ‘ನೀವು’ ಥರ. ಒಬ್ಬನಿಗೆ ‘ನೀನು’ ಅನ್ನೋಕೆ ಹಳೇ ಇಂಗ್ಲಿಷಲ್ಲಿ ‘ದೌ’ ಅಂತ ಬೇರೇನೇ ಇತ್ತು. ಮರ್ಯಾದೆಗೆ ಒಬ್ಬರಿಗೂ ‘ಯು’ ಅನ್ನೋದು ಶುರುವಾಗಿ, ಅದು ಹಬ್ಬಿ ಹಬ್ಬಿ, 17ನೇ ಶತಮಾನ ಮುಗಿಯೋ ಹೊತ್ತಿಗೆ ಸಾಮಾನ್ಯ ಮಾತಿಂದ ‘ದೌ’ ಹೆಚ್ಚುಕಮ್ಮಿ ಕಳೆದೇ ಹೋಯ್ತು. ಅಂದ್ರೆ ಇಂಗ್ಲಿಷಿನವರು ಈಗ ನಾಯಿಗೂ ‘ನೀವು’ ಅಂತಾನೇ ಅಂತಿದಾರೆ ಪಾಪ, ಅವರಿಗದು ಗೊತ್ತಿಲ್ಲ ಅಷ್ಟೇ.

ಆಮೇಲೆ ‘ಎ’, ‘ಆ್ಯನ್’, ‘ದ’. ಇವು ಮೂರಕ್ಕೆ ಹೆದರದವರು ಯಾರಿದಾರೆ ಹೇಳಿ. ಎ, ಇ, ಐ, ಓ, ಯು ಅಕ್ಷರ ಬಂದ್ರೆ ‘ಆ್ಯನ್’ ಅಂತ ಬಾಯಿಪಾಠ ಮಾಡಿರ್ತೀವಿ, ಅಲ್ಲೇ ಎಡವೋದು. ಅಕ್ಷರ ನೋಡ್ಬೇಡಿ, ಕಿವಿಗೆ ಏನು ಕೇಳತ್ತೆ ನೋಡಿ. ‘ಅವರ್’ ಅಂದ್ರೆ ಗಂಟೆ, ಬರೆಯೋದು ಎಚ್ ಇಟ್ಟು, ಕೇಳೋದು ‘ಅ’, ಹಾಗಾಗಿ ‘ಆ್ಯನ್ ಅವರ್’. ‘ಯೂನಿವರ್ಸಿಟಿ’ ಬರೆಯೋದು ಯು ಇಟ್ಟು, ಕೇಳೋದು ‘ಯ’, ಅದು ವ್ಯಂಜನ, ಹಾಗಾಗಿ ‘ಎ ಯೂನಿವರ್ಸಿಟಿ’. ‘ಎಮ್ಮೆಲ್ಲೆ’ ಶುರುವಾಗೋದೇ ‘ಎ’ಯಿಂದ, ‘ಆ್ಯನ್ ಎಮ್ಮೆಲ್ಲೆ’. ಸ್ವರಕ್ಕೆ ಸ್ವರ ಡಿಕ್ಕಿ ಹೊಡೆದ್ರೆ ನಾಲಿಗೆಗೆ ಆಗಿಬರಲ್ಲ, ನಾವು ‘ಮನೆ ಇಂದ’ ಅನ್ನದೇ ನಡುವೆ ಒಂದು ಯ ತೂರಿಸಿ ‘ಮನೆಯಿಂದ’ ಅನ್ನಲ್ವಾ, ಅದೇ ಕಾಟ ಅವರಿಗೂ.

ಈ ‘ಆ್ಯನ್’ನ ನ ಮಹಾ ಕಳ್ಳ. ಕ್ರಿಕೆಟ್ಟಿನ ‘ಅಂಪೈರ್’ ಇದೆಯಲ್ಲ, 14ನೇ ಶತಮಾನದಲ್ಲಿ ಅದು ‘ನ’ದಿಂದ ಶುರುವಾಗ್ತಿದ್ದ ಪದ, ‘ನಂಪೈರ್’ ಅಂದ್ಕೊಳ್ಳಿ. ‘ಎ ನಂಪೈರ್’ ಅಂತ ಬೇಗ ಬೇಗ ಹೇಳಿ ನೋಡೋಣ. ‘ಆ್ಯನ್ ಅಂಪೈರ್’ ಅಂತಾನೇ ಕೇಳತ್ತೆ. ಕೇಳ್ದವರು ಹಾಗೇ ಒಡೆದ್ರು, ನ ಅತ್ತ ಹೋಯ್ತು. ‘ಏಪ್ರನ್’ ಕೂಡ ಹಿಂದೆ ‘ನೇಪ್ರನ್’, ಅದರ ನ ಹೋಗಿದ್ದೂ ಇದೇ ದಾರೀಲಿ.

ಇನ್ನು ‘ದ’. ಕಥೆ ಹೇಳೋವಾಗ ‘ಒಂದೂರಲ್ಲಿ ಒಬ್ಬ ರಾಜ ಇದ್ದ, ಆ ರಾಜನಿಗೆ’ ಅಂತ ಮುಂದುವರಿಸ್ತೀವಲ್ಲ, ಆ ‘ಒಬ್ಬ’ ಅನ್ನೋದೇ ‘ಎ’, ‘ಆ’ ಅನ್ನೋದೇ ‘ದ’. ಕೇಳೋರಿಗೆ ಯಾರು ಅಂತ ಇನ್ನೂ ಗೊತ್ತಿಲ್ದಿದ್ರೆ ‘ಎ’, ಗೊತ್ತಾಗಿದ್ರೆ ‘ದ’. ಇದಕ್ಕಿಂತ ಸೂಕ್ಷ್ಮ ಇನ್ನೊಂದಿದೆ. ‘ನಿನ್ನೆ ಪುಸ್ತಕ ಓದ್ದೆ’ ಅಂದ್ರೆ ಯಾವುದೋ ಒಂದು, ‘ಎ ಬುಕ್’. ‘ಪುಸ್ತಕಾನ ಓದ್ದೆ’ ಅಂದ್ರೆ ನಿಮಗೂ ನನಗೂ ಗೊತ್ತಿರೋದು, ‘ದ ಬುಕ್’. ಆ ‘ನ’ ಇದೆಯಲ್ಲ, ಬರಹದಲ್ಲಿ ‘ಅನ್ನು’ ಅಂತ ಬರೀತೀವಲ್ಲ, ಅದು ತಾನಾಗೇ ಬಾಯಿಗೆ ಬಂದ್ರೆ ಇಂಗ್ಲಿಷಲ್ಲಿ ಸುಮಾರು ಸಲ ‘ದ’ ಹಾಕ್ಬೋದು. ವಸ್ತುಗಳಿಗೆ ಮಾತ್ರ ಈ ಉಪಾಯ. ಮನುಷ್ಯರಿಗೆ ನಡೆಯಲ್ಲ, ‘ಹುಡುಗನ್ನ ನೋಡ್ದೆ’ ಅನ್ನೋವಾಗ ಗೊತ್ತಿರೋನಿಗೂ ಗೊತ್ತಿಲ್ದೋನಿಗೂ ಅದೇ ‘ನ್ನ’ ಬರತ್ತೆ. ಅಲ್ಲಿ ‘ಒಬ್ಬ’ನಾ ‘ಆ’ನಾ ಅಂತ ಕೇಳ್ಕೊಳ್ಳಿ.

ಕನ್ನಡ ಕೈಕೊಡೋ ಜಾಗಾನೂ ಇದೆ, ಸುಳ್ಳು ಹೇಳಲ್ಲ. ‘ಅದರ ಬಗ್ಗೆ ಚರ್ಚೆ ಮಾಡಿದ್ವಿ’ ಅನ್ನೋ ಅಭ್ಯಾಸಕ್ಕೆ ‘ಡಿಸ್ಕಸ್ ಅಬೌಟ್’ ಅಂತೀವಿ. ಆ ‘ಬಗ್ಗೆ’ ‘ಡಿಸ್ಕಸ್’ ಒಳಗೇ ಇದೆ, ‘ಅಬೌಟ್’ ಬೇಡ. ಆಮೇಲೆ ‘ಹಿ ಗೋಸ್’ ಅನ್ನೋ ಕೊನೇ ಸ್. ಹೋಗ್ತೀನಿ, ಹೋಗ್ತೀಯ, ಹೋಗ್ತಾನೆ, ಹೋಗ್ತಾಳೆ, ಹೋಗತ್ತೆ, ಹೋಗ್ತಾರೆ ಅಂತ ಇಷ್ಟು ಬಾಲಗಳನ್ನ ನಿದ್ದೇಲೂ ತಪ್ಪದೆ ಹಚ್ಚೋ ನಾವು, ಇಂಗ್ಲಿಷಲ್ಲಿ ಉಳಿದಿರೋ ಆ ಒಂದೇ ಒಂದು ಬಾಲನ ಮರೀತೀವಿ. ನಾನಂತೂ ಈಗ್ಲೂ ಮರೀತೀನಿ, ಮೊನ್ನೆ ಫೋನಲ್ಲೇ ‘ಶಿ ಗೋ’ ಅಂದೆ, ಅಂದು ಒಂದು ಕ್ಷಣ ಸುಮ್ನಿದ್ದು, ಸ್ ಒಂದನ್ನ ಹಿಂದಿಂದ ಕಳಿಸ್ದೆ.