ಬೀರುವಿನ ಬೀಗ ತೆಗೆದ ಮೇಲೆ

ನಮಸ್ಕಾರ ಕೇಳುಗರೇ.

ನಾನು ಪಾಠ ಮಾಡುವುದು ಒಂದರಿಂದ ಐದನೇ ತರಗತಿವರೆಗಿನ ಸರ್ಕಾರಿ ಶಾಲೆಯಲ್ಲಿ. ಲೈಬ್ರರಿಗೆಂದು ನಮಗೆ ಬೇರೆ ಕೋಣೆ ಇಲ್ಲ. ಆಫೀಸಿನ ಮೂಲೆಯಲ್ಲಿ ಒಂದು ಕಬ್ಬಿಣದ ಬೀರು ಇದೆ, ಅಷ್ಟೇ. ಈ ಶಾಲೆಗೆ ಬಂದ ಹೊಸತರಲ್ಲಿ ಒಂದು ದಿನ ಅದರ ಬೀಗ ತೆಗೆದೆ. ನುಸಿಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಒಳಗೆ ನೂರಾರು ಪುಸ್ತಕ. ದಾಸ್ತಾನು ವಹಿ ತೆಗೆದು ನೋಡಿದರೆ ಲೆಕ್ಕ ಸರಿಯಾಗಿತ್ತು. ಒಂದೂ ಕಳೆದಿರಲಿಲ್ಲ, ಒಂದೂ ಹರಿದಿರಲಿಲ್ಲ. ಎಷ್ಟೋ ಪುಸ್ತಕಗಳ ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಅದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಬೀಗ ಹಾಕಿದವರನ್ನು ನಾನು ದೂರುವುದಿಲ್ಲ. ಪುಸ್ತಕ ಕಳೆದುಹೋದರೆ ಲೆಕ್ಕ ಕೊಡುವವರು ಯಾರು ಅನ್ನುವ ಭಯ ಪ್ರತಿ ಶಾಲೆಯಲ್ಲೂ ಇರುತ್ತದೆ. ಆದರೆ ಎಸ್. ಆರ್. ರಂಗನಾಥನ್ ಅವರ ಮಾತು ಆವತ್ತು ನೆನಪಾಯಿತು. ನಮ್ಮ ದೇಶದಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ ತಳಪಾಯ ಹಾಕಿದವರು ಅವರು. ಕೊನೆಗಾಲದಲ್ಲಿ ನೆಲೆಸಿದ್ದು ಬೆಂಗಳೂರಿನಲ್ಲೇ, 1972ರಲ್ಲಿ ತೀರಿಕೊಂಡದ್ದೂ ಇಲ್ಲೇ. 1931ರಲ್ಲಿ ಅವರು ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಬರೆದರು. ಮೊದಲನೆಯ ಸೂತ್ರ ಏನು ಗೊತ್ತಾ? ಪುಸ್ತಕ ಇರುವುದು ಬಳಸುವುದಕ್ಕೆ. ಇದನ್ನು ವಿವರಿಸುವಾಗ, ಹಿಂದಿನ ಕಾಲದಲ್ಲಿ ಯುರೋಪಿನಲ್ಲಿ ಪುಸ್ತಕಗಳಿಗೆ ಸರಪಳಿ ಬಿಗಿದು ಕಪಾಟಿಗೆ ಕಟ್ಟುತ್ತಿದ್ದ ಸಂಗತಿಯನ್ನು ಅವರು ಹೇಳುತ್ತಾರೆ. ನಮ್ಮ ಬೀರುವಿನ ಬೀಗವೂ ಅದೇ ಸರಪಳಿ ಅಲ್ವಾ?

ಮರುದಿನವೇ ತರಗತಿಯ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಹಗ್ಗ ಕಟ್ಟಿದೆವು. ಮಕ್ಕಳ ಎದೆಮಟ್ಟಕ್ಕೆ, ಜಾಸ್ತಿ ಎತ್ತರ ಇಲ್ಲ. ತೆಳು ಪುಸ್ತಕಗಳನ್ನು ಬಟ್ಟೆ ಕ್ಲಿಪ್ ಹಾಕಿ ತೂಗುಬಿಟ್ಟೆವು, ಮುಖಪುಟ ಕಾಣುವ ಹಾಗೆ. ಸಣ್ಣ ಮಕ್ಕಳು ಪುಸ್ತಕದ ಹೆಸರು ಓದಿ ಆರಿಸುವುದಿಲ್ಲ, ಚಿತ್ರ ನೋಡಿ ಆರಿಸುತ್ತಾರೆ. ಬೀರುವಿನಲ್ಲಿ ಬೆನ್ನು ತೋರಿಸಿಕೊಂಡು ನಿಂತ ಪುಸ್ತಕ ಆರು ವರ್ಷದ ಮಗುವಿಗೆ ಕಾಣುವುದೇ ಇಲ್ಲ.

ದಿನಾ ಮಧ್ಯಾಹ್ನ ಬಿಸಿಯೂಟ ಆದ ಮೇಲೆ ಇಪ್ಪತ್ತು ನಿಮಿಷ ನಾನು ಗಟ್ಟಿಯಾಗಿ ಒಂದು ಕತೆ ಓದುತ್ತೇನೆ. ಹೇಳುವುದಲ್ಲ, ಓದುವುದು. ಪುಸ್ತಕವನ್ನು ಮಕ್ಕಳ ಕಡೆ ತಿರುಗಿಸಿ ಹಿಡಿದು, ಸಾಲಿನ ಕೆಳಗೆ ಬೆರಳಾಡಿಸುತ್ತಾ ಓದುತ್ತೇನೆ. ಬಾಯಿಂದ ಬರುವ ಮಾತು ಈ ಗೆರೆಗಳೊಳಗೇ ಕೂತಿದೆ ಅನ್ನುವುದು ಮಗುವಿಗೆ ಕಣ್ಣಿಂದಲೇ ತಿಳಿಯಬೇಕು.

ಒಂದು ಪ್ರಸಂಗ ಹೇಳುತ್ತೇನೆ. ಕನ್ನಡ ಕಲಿಯುವ ಮಕ್ಕಳು ಎಡವುವುದು ಹೆಚ್ಚಾಗಿ ಒತ್ತಕ್ಷರದಲ್ಲಿ. ಅಕ್ಷರಮಾಲೆ ಬರುತ್ತದೆ, ಕಾಗುಣಿತವೂ ಬರುತ್ತದೆ. ಕೆಳಗೆ ಒಂದು ಒತ್ತು ಕಂಡರೆ ಮಾತ್ರ ನಿಂತುಬಿಡುತ್ತಾರೆ, ಇಲ್ಲವೇ ಅದನ್ನು ಬಿಟ್ಟು ಮುಂದೆ ಹೋಗುತ್ತಾರೆ. ಮೂರನೇ ತರಗತಿಯ ಒಬ್ಬ ಹುಡುಗ ‘ಕತ್ತೆ’ ಅನ್ನುವುದನ್ನು ಎಷ್ಟು ಸಲ ತಿದ್ದಿದರೂ ‘ಕತೆ’ ಎಂದೇ ಓದುತ್ತಿದ್ದ. ಕಪ್ಪು ಹಲಗೆಯ ಮೇಲೆ ನೂರು ಸಲ ಬರೆಸಿದರೂ ಪ್ರಯೋಜನ ಆಗಿರಲಿಲ್ಲ. ಒಂದು ಮಧ್ಯಾಹ್ನ ಹಗ್ಗದಿಂದ ತಾನೇ ಒಂದು ಪುಸ್ತಕ ಬಿಡಿಸಿಕೊಂಡು ಕೂತ. ‘ಅಗಸನ ಹತ್ತಿರ ಒಂದು ಕತೆ ಇತ್ತು’ ಎಂದು ಓದಿದ. ಪಕ್ಕದ ಚಿತ್ರ ನೋಡಿದ. ಅದರಲ್ಲಿ ಬಟ್ಟೆ ಗಂಟು ಹೊತ್ತ ಕತ್ತೆ. ಒಂದು ಕ್ಷಣ ಸುಮ್ಮನಾದ. ಮತ್ತೆ ಅಕ್ಷರದ ಕಡೆ ನೋಡಿ, ಕೆಳಗಿನ ಒತ್ತಿನ ಮೇಲೆ ಬೆರಳಿಟ್ಟು, ‘ಕತ್ತೆ!’ ಎಂದು ಕೂಗಿದ. ನಾನು ಬಾಯಿ ಬಿಟ್ಟಿರಲಿಲ್ಲ. ಅವನನ್ನು ತಿದ್ದಿದ್ದು ಆ ಕತೆಯೇ. ಅರ್ಥ ಬೇಕು ಅನ್ನಿಸಿದಾಗ ಮಗು ತಾನೇ ಹಿಂದಿರುಗಿ ಅಕ್ಷರವನ್ನು ನೋಡುತ್ತದೆ ಅನ್ನುವುದನ್ನು ನಾನು ಕಲಿತದ್ದು ಆವತ್ತು.

ನಮ್ಮ ಶಾಲೆಗೆ ಪಕ್ಕದ ತಾಂಡಾದಿಂದಲೂ ಮಕ್ಕಳು ಬರುತ್ತಾರೆ. ಅವರ ಮನೆಮಾತು ಲಂಬಾಣಿ. ಮೊದಲು ಅವರು ಲೈಬ್ರರಿ ಹೊತ್ತಿನಲ್ಲಿ ಮೂಲೆ ಹಿಡಿದು ಕೂರುತ್ತಿದ್ದರು. ಈಗ ಹೊಸ ಪುಸ್ತಕ ತೆರೆದಾಗ ಮೊದಲು ಚಿತ್ರಗಳನ್ನಷ್ಟೇ ತೋರಿಸುತ್ತೇನೆ. ಕತೆ ಏನಿರಬಹುದು ಎಂದು ಅವರು ತಮ್ಮ ಮಾತಿನಲ್ಲೇ ಹೇಳುತ್ತಾರೆ. ಉಳಿದ ಮಕ್ಕಳು ಕೇಳುತ್ತಾರೆ. ಆಮೇಲೆ ಕನ್ನಡದಲ್ಲಿ ಓದುತ್ತೇವೆ. ಕತೆ ಮೊದಲೇ ಗೊತ್ತಿರುವುದರಿಂದ ಕನ್ನಡ ಪದಗಳ ಭಯ ಅರ್ಧಕ್ಕರ್ಧ ಇಳಿದಿರುತ್ತದೆ.

ಇನ್ನೊಂದು ವಿಷಯ. ಕತೆ ಮುಗಿದ ಕೂಡಲೇ ‘ಇದರ ನೀತಿ ಏನು?’ ಎಂದು ಕೇಳುವುದನ್ನು ನಾನು ಬಿಟ್ಟೆ. ಬಿಡುವುದು ಕಷ್ಟವಾಯಿತು, ಯಾಕೆಂದರೆ ನಾವೆಲ್ಲ ಕಲಿತು ಬಂದದ್ದೇ ಹಾಗೆ. ಆದರೆ ನೀತಿ ಕೇಳಿದ ತಕ್ಷಣ ಮಕ್ಕಳ ಮುಖ ಪರೀಕ್ಷೆಯ ಮುಖ ಆಗುತ್ತದೆ. ಈಗ ಪುಸ್ತಕ ಮುಚ್ಚಿ ಸುಮ್ನೆ ಕೂರುತ್ತೇನೆ. ಯಾರಾದರೂ ಒಬ್ಬರು ‘ಇನ್ನೊಂದು ಸಲ ಓದಿ’ ಅನ್ನುತ್ತಾರೆ. ಓದುತ್ತೇನೆ. ಒಂದೇ ಪುಸ್ತಕವನ್ನು ಒಬ್ಬ ಹುಡುಗಿ ವಾರಕ್ಕೆ ನಾಲ್ಕು ಸಲ ಮನೆಗೆ ಒಯ್ದರೂ ಬೇಡ ಅನ್ನುವುದಿಲ್ಲ. ಅದರಲ್ಲಿ ಅವಳಿಗೆ ಏನೋ ಸಿಕ್ಕಿದೆ.

ಪುಸ್ತಕ ಕೊಡುವ ವಹಿಯನ್ನು ಮಕ್ಕಳೇ ಬರೆಯುತ್ತಾರೆ. ಐದನೇ ತರಗತಿಯ ಇಬ್ಬಿಬ್ಬರು ಒಂದೊಂದು ತಿಂಗಳು ಸರದಿ ಪ್ರಕಾರ ಲೈಬ್ರರಿ ನೋಡಿಕೊಳ್ಳುತ್ತಾರೆ. ಒಂದನೇ ತರಗತಿಯವರು ತಮ್ಮ ಹೆಸರಿನ ಮೊದಲ ಅಕ್ಷರ ಬರೆದರೂ ಸಾಕು. ಜೂನ್‌ನಲ್ಲಿ ಒಂದೇ ಅಕ್ಷರ ಇದ್ದಲ್ಲಿ ಡಿಸೆಂಬರ್ ಹೊತ್ತಿಗೆ ಪೂರ್ತಿ ಹೆಸರು ಇರುತ್ತದೆ. ಆ ವಹಿಯ ಹಾಳೆ ತಿರುವುತ್ತಾ ಹೋದರೆ ಮಗು ಬೆಳೆದದ್ದು ಕಣ್ಣಿಗೆ ಕಾಣುತ್ತದೆ.

ಪುಸ್ತಕ ಹರಿಯುವುದಿಲ್ಲವೇ ಅಂತ ಕೇಳುತ್ತೀರಿ. ಹರಿಯುತ್ತದೆ. ಅದಕ್ಕೇ ಶನಿವಾರ ನಮ್ಮಲ್ಲಿ ಪುಸ್ತಕದ ಆಸ್ಪತ್ರೆ. ಮೈದಾ ಅಂಟು ಕಾಯಿಸುತ್ತೇವೆ. ಕಿತ್ತುಹೋದ ಬೆನ್ನಿಗೆ ಟೈಲರ್ ಅಂಗಡಿಯಿಂದ ತಂದ ಬಟ್ಟೆ ತುಂಡು ಅಂಟಿಸುತ್ತೇವೆ. ತಾನೇ ಬ್ಯಾಂಡೇಜ್ ಹಾಕಿದ ಪುಸ್ತಕವನ್ನು ಯಾವ ಮಗುವೂ ಮತ್ತೆ ಎಳೆದಾಡುವುದಿಲ್ಲ.

ಕಳೆದ ಮಳೆಗಾಲದಲ್ಲಿ ಮಕ್ಕಳು ತಾವೇ ಒಂದು ಪುಸ್ತಕ ಮಾಡಿದರು. ನಮ್ಮ ರೈತರು ಮಳೆಗೆ ನಕ್ಷತ್ರದ ಹೆಸರಿಟ್ಟು ಕರೆಯುತ್ತಾರಲ್ಲ, ಅದನ್ನು ಮನೆಯಲ್ಲಿ ಅಜ್ಜ ಅಜ್ಜಿಯರ ಹತ್ತಿರ ಕೇಳಿ ಬರೆದುಕೊಂಡು ಬನ್ನಿ ಎಂದಿದ್ದೆ. ಮರುದಿನ ತರಗತಿ ತುಂಬ ಗಾದೆಗಳ ಸುರಿಮಳೆ! ‘ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ’ ಎಂದು ಒಬ್ಬಳು. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ’ ಎಂದು ಇನ್ನೊಬ್ಬ. ಒಂದು ಮಳೆಗೆ ಒಂದು ಪುಟ, ಒಂದು ಗಾದೆ, ಒಂದು ಚಿತ್ರ. ಹಳೆಯ ಕ್ಯಾಲೆಂಡರಿನ ಹಿಂಭಾಗದ ಬಿಳಿ ಹಾಳೆಯಲ್ಲಿ ಬರೆದು, ದಬ್ಬಳದಿಂದ ಹೊಲಿದೆವು. ದಾಸ್ತಾನು ವಹಿಯಲ್ಲಿ ಅದಕ್ಕೂ ಒಂದು ನಂಬರ್ ಕೊಟ್ಟೆವು. ಓದಲು ಬಾರದ ಒಬ್ಬ ಅಜ್ಜಿ ಶಾಲೆಗೇ ಬಂದು, ತಾನು ಹೇಳಿದ ಗಾದೆ ಯಾವ ಪುಟದಲ್ಲಿದೆ ಎಂದು ಮೊಮ್ಮಗಳಿಂದ ಕೇಳಿ ತಿಳಿದು, ಆ ಅಕ್ಷರಗಳ ಮೇಲೆ ಕೈ ಸವರಿ ನೋಡಿದರು.

2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಅದರಲ್ಲಿ ಪತ್ರಿಕೆ ಮತ್ತು ಕತೆ ಪುಸ್ತಕ ಇರಬೇಕು ಎಂದು ಹೇಳಿದೆ. ಹಾಗಾಗಿ ನಿಮ್ಮೂರಿನ ಶಾಲೆಯಲ್ಲೂ ಎಲ್ಲೋ ಒಂದು ಕಡೆ ಪುಸ್ತಕ ಇದ್ದೇ ಇರುತ್ತವೆ. ಒಮ್ಮೆ ಹೋಗಿ ನೋಡಿ. ಮೇಷ್ಟ್ರನ್ನೋ ಟೀಚರನ್ನೋ ಕೇಳಿ, ಮಕ್ಕಳ ಜೊತೆ ಕೂತು ಒಂದು ಕತೆ ಓದಿ. ಹೋಗುವಾಗ ಮನೆಯಲ್ಲಿರುವ ಹಳೇ ಕ್ಯಾಲೆಂಡರ್ ಒಯ್ಯಲು ಮರೆಯಬೇಡಿ. ಈ ಸಲ ನಮ್ಮ ಮಕ್ಕಳು ಊರಿನ ಮರಗಳ ಪುಸ್ತಕ ಶುರು ಮಾಡಿದ್ದಾರೆ. ನಮಗೂ ಹಾಳೆ ಸಾಲುತ್ತಿಲ್ಲ.

ನಮಸ್ಕಾರ.