ಫೋರ್ಕ್‌ಲಿಫ್ಟ್ ಟೈರಿನ ಒಳಗೇ ಹುಟ್ಟುವ ಬಿಸಿ

ಕೇಳುಗರಿಗೆ ನಮಸ್ಕಾರ. ನೆಲಮಂಗಲ, ಹೊಸಕೋಟೆಯ ಗೋದಾಮುಗಳಲ್ಲಿ, ಪೀಣ್ಯದ ಕಾರ್ಖಾನೆಗಳಲ್ಲಿ, ಪಣಂಬೂರಿನ ಬಂದರಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವರಿಗೂ ಅದರ ದುರಸ್ತಿ ನೋಡಿಕೊಳ್ಳುವವರಿಗೂ ಇಂದು ನಾಲ್ಕು ಮಾತು. ಬಹುಕಾಲ ಬಾಳಬೇಕಾದ ಟೈರು ಕೆಲವೇ ತಿಂಗಳಲ್ಲಿ ಕಿತ್ತುಹೋದರೆ ಮೊದಲ ಬೈಗುಳ ಚಾಲಕನಿಗೆ, ಎರಡನೆಯದು ಟೈರಿನ ಕಂಪನಿಗೆ. ಎಷ್ಟೋ ಸಲ ತಪ್ಪು ಇಬ್ಬರದೂ ಅಲ್ಲ. ಆ ಯಂತ್ರಕ್ಕೆ ನಾವು ಕೊಟ್ಟ ಕೆಲಸವೇ ಅದಕ್ಕೆ ಹೇಳಿಮಾಡಿಸಿದ್ದಲ್ಲ.

ಭಾರದ ಲೆಕ್ಕ ನೋಡಿ. ಮೂರು ಟನ್ ಎತ್ತುವ ಫೋರ್ಕ್‌ಲಿಫ್ಟ್ ತಾನೇ ನಾಲ್ಕು ಟನ್‌ಗಿಂತ ಹೆಚ್ಚು ತೂಗುತ್ತದೆ. ಸರಕು ಎತ್ತಿದಾಗ ಒಟ್ಟು ಭಾರದಲ್ಲಿ ಶೇಕಡಾ 80ರಿಂದ 90ರಷ್ಟು ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ. ಅಂದರೆ ಒಂದೊಂದು ಟೈರಿನ ಮೇಲೆ ಸುಮಾರು ಮೂರು ಟನ್. ಚಕ್ರ ಒಂದು ಸುತ್ತು ತಿರುಗಿದಾಗಲೆಲ್ಲ ರಬ್ಬರು ಅಮುಕಿಕೊಳ್ಳುತ್ತದೆ, ಮತ್ತೆ ಹಿಗ್ಗುತ್ತದೆ. ಅಮುಕಲು ಹಿಡಿದ ಶಕ್ತಿಯೆಲ್ಲ ಹಿಂದಕ್ಕೆ ಬರುವುದಿಲ್ಲ, ಒಂದು ಪಾಲು ಬಿಸಿಯಾಗಿ ಒಳಗೇ ಉಳಿಯುತ್ತದೆ. ರಬ್ಬರಾದರೋ ಶಾಖವನ್ನು ಸುಲಭವಾಗಿ ಹೊರಗೆ ಬಿಡುವ ವಸ್ತುವಲ್ಲ. ಗಾಳಿಯಿಲ್ಲದ ಸಾಲಿಡ್ ಟೈರು ಈ ವಿಷಯದಲ್ಲಿ ರಾಗಿಮುದ್ದೆಯ ಹಾಗೆ: ಮೇಲೆ ಆರಿದಂತೆ ಕಂಡರೂ ನಡುವೆ ಸುಡುತ್ತಿರುತ್ತದೆ. ಆದ್ದರಿಂದಲೇ ಕೈಯಿಟ್ಟು ನೋಡಿ 'ಬಿಸಿಯಿಲ್ಲ' ಎನ್ನುವ ಪರೀಕ್ಷೆಯನ್ನು ನಾನು ಒಪ್ಪುವುದಿಲ್ಲ.

ಒಳಗಿನ ಬಿಸಿ ಮಿತಿ ಮೀರಿತೆಂದರೆ, ಗಂಧಕ ಸೇರಿಸಿ ಬೇಯಿಸಿ ಗಟ್ಟಿಮಾಡಿದ ರಬ್ಬರು ಮತ್ತೆ ಮೆತ್ತಗಾಗುತ್ತದೆ. ಸುಟ್ಟ ವಾಸನೆ ಬರುತ್ತದೆ. ಕತ್ತರಿಸಿ ನೋಡಿದರೆ ಒಳಭಾಗ ಅಂಟಂಟಾಗಿರುತ್ತದೆ. ಆಮೇಲೆ ಮೇಲಿನ ಪದರ ಕಿತ್ತುಬರುತ್ತದೆ, ಇಲ್ಲವೇ ಪಕ್ಕದಿಂದ ಒಡೆಯುತ್ತದೆ. ಇಂಥ ಟೈರನ್ನು ಆರಿಸಿ ಮತ್ತೆ ಓಡಿಸುವಂತಿಲ್ಲ.

ಹಾಗಾದರೆ ಕಾರಣವನ್ನು ಹುಡುಕುವುದು ಹೇಗೆ? ಕೆಲಸ ನಿಂತ ಕೂಡಲೇ ದೂರದಿಂದ ಶಾಖ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ನಾಲ್ಕೂ ಚಕ್ರಗಳನ್ನು ಅಳೆಯಿರಿ. ಅದು ತೋರಿಸುವುದು ಮೇಲ್ಮೈಯ ಬಿಸಿಯನ್ನು ಮಾತ್ರ, ಒಳಗೆ ಅದಕ್ಕಿಂತ ಹೆಚ್ಚಿರುತ್ತದೆ. ಆದರೂ ಒಂದು ಚಕ್ರವನ್ನು ಇನ್ನೊಂದರ ಜೊತೆ ಹೋಲಿಸಲು ಅಷ್ಟು ಸಾಕು. ಮುಂದಿನ ಎರಡರಲ್ಲಿ ಒಂದೇ ಬಿಸಿಯಾಗಿದ್ದರೆ, ಅದರ ಹಬ್, ಅಂದರೆ ಚಕ್ರದ ನಡುಭಾಗ ಕೂಡ ಸುಡುತ್ತಿದ್ದರೆ, ಬ್ರೇಕ್ ಪೂರ್ತಿ ಬಿಡುತ್ತಿಲ್ಲ ಅಥವಾ ಬೇರಿಂಗ್ ಹೋಗಿದೆ ಎಂದು ಅನುಮಾನಿಸಿ, ಜಾಕ್ ಕೊಟ್ಟು ಚಕ್ರವನ್ನು ತಿರುಗಿಸಿ ನೋಡಿ. ಮುಂದಿನವು ಎರಡೂ ಸಮನಾಗಿ ಬಿಸಿಯಾಗಿದ್ದರೆ ಭಾರ, ವೇಗ, ದೂರ ಈ ಮೂರನ್ನೂ ವಿಚಾರಿಸಬೇಕು. ಹಿಂದಿನ ಚಕ್ರಗಳು ಬಿಸಿಯಾಗಿದ್ದರೆ ಬಹಳ ಮಂದಿ ತಬ್ಬಿಬ್ಬಾಗುತ್ತಾರೆ. ಸರಕಿಲ್ಲದಾಗ ಯಂತ್ರದ ಭಾರ ಹೆಚ್ಚಾಗಿ ಹಿಂದೆಯೇ ಇರುತ್ತದೆ, ಮುಂದಿನ ಸರಕನ್ನು ಸರಿದೂಗಿಸುವ ಪ್ರತಿಭಾರದ ಎರಕದ ತುಂಡು ಅಲ್ಲಿ ಕೂತಿದೆಯಲ್ಲ! ಖಾಲಿ ಗಾಡಿಯನ್ನು ದೂರದವರೆಗೆ ಜೋರಾಗಿ ಓಡಿಸುವುದರ ಗುರುತು ಅದು.

ದೂರ ಎಂದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಅಪರಾಧಿ ಅದೇ. ಫೋರ್ಕ್‌ಲಿಫ್ಟ್ ಇರುವುದು ಎತ್ತಲು, ಇಳಿಸಲು, ನಡುವೆ ನಾಲ್ಕು ಹೆಜ್ಜೆ ಸಾಗಿಸಲು. ಎತ್ತಿ ಇಳಿಸುವ ಹೊತ್ತಿನಲ್ಲಿ ಟೈರಿಗೆ ಆರಲು ಬಿಡುವು ಸಿಗುತ್ತದೆ. ಅದೇ ಯಂತ್ರವನ್ನು ಆಚೆಯ ಶೆಡ್ಡಿನಿಂದ ಈಚೆಯ ಶೆಡ್ಡಿಗೆ ಪಾಳಿಯುದ್ದಕ್ಕೂ ಓಡಿಸಿದರೆ ಹುಟ್ಟುವ ಬಿಸಿ ಹೆಚ್ಚು, ಹೊರಹೋಗುವುದು ಕಡಿಮೆ. ಅಂಥ ಕಡೆ ಟೈರಿನ ಬ್ರಾಂಡ್ ಬದಲಿಸಿ ಪ್ರಯೋಜನವಿಲ್ಲ. ದೂರದ ಸಾಗಣೆಗೆ ಟ್ರಾಲಿ ಎಳೆಯುವ ಬೇರೆ ಗಾಡಿಯನ್ನೇ ಕೊಡಬೇಕು.

ಬಿಸಿಯ ಹೊರತು ಬೇರೆ ಗುರುತುಗಳೂ ಉಂಟು. ರಬ್ಬರು ತುಂಡುತುಂಡಾಗಿ ಕಿತ್ತಿದ್ದರೆ ನೆಲವನ್ನು ನೋಡಿ: ಒಡೆದ ಕಾಂಕ್ರೀಟು, ಕಬ್ಬಿಣದ ಚೂರು, ಚರಂಡಿಯ ಜಾಲರಿ. ಒಂದೇ ಕಡೆ ಚಪ್ಪಟೆಯಾಗಿದ್ದರೆ ಚಕ್ರ ಕಚ್ಚಿ ಜಾರುವಷ್ಟು ಬಲವಾಗಿ ಬ್ರೇಕ್ ಹಾಕಿದ್ದಾರೆ. ಟೈರಿನಿಂದ ರಿಮ್ಮಿನವರೆಗೆ ನೇರವಾಗಿ ಬಣ್ಣದ ಗೆರೆ ಎಳೆದಿಡಿ. ಗೆರೆ ಮುರಿದು ಎರಡಾದರೆ ಟೈರು ರಿಮ್ಮಿನ ಮೇಲೆ ಜಾರುತ್ತಿದೆ ಎಂದರ್ಥ, ಆ ಉಜ್ಜಾಟದಿಂದಲೂ ಬಿಸಿ ಹುಟ್ಟುತ್ತದೆ. ಪಕ್ಕದಲ್ಲಿ ಸವೆತದ ಮಿತಿ ಗೆರೆಯಿದ್ದರೆ ಅದನ್ನು ಮೀರಿ ಬಳಸಬೇಡಿ. ಉಳಿದ ತೆಳ್ಳನೆಯ ರಬ್ಬರಿನ ಮೇಲೆಯೇ ಅಷ್ಟೂ ಭಾರ ಬೀಳುತ್ತದೆ. ಬದಲಿಸುವಾಗ ಒಂದು ಆಕ್ಸಲ್ಲಿನ ಎರಡನ್ನೂ ಜೋಡಿಯಾಗಿಯೇ ಬದಲಿಸಿ. ಹೊಸದೊಂದು, ಸವೆದದ್ದೊಂದು ಇದ್ದರೆ ಎತ್ತರದ ವ್ಯತ್ಯಾಸದಿಂದ ಹೊಸದರ ಮೇಲೆ ಭಾರ ಹೆಚ್ಚುತ್ತದೆ.

ಗಾಳಿ ತುಂಬುವ ಟೈರುಗಳಿಗೆ ಒತ್ತಡವನ್ನು ಬೆಳಿಗ್ಗೆ, ತಣ್ಣಗಿರುವಾಗಲೇ ನೋಡಿ. ಗಾಳಿ ಕಡಿಮೆಯಿದ್ದರೆ ಪಕ್ಕದ ಗೋಡೆ ಹೆಚ್ಚು ಮಡಚಿ ಬೇಗ ಕಾಯುತ್ತದೆ. ಕಾದ ಟೈರಿನಲ್ಲಿ ಒತ್ತಡ ಏರಿದೆಯೆಂದು ಗಾಳಿ ಬಿಡಬೇಡಿ.

ಈಗ ಹೇಳುವುದು ಜೀವದ ಮಾತು. ಎರಡು ಹೋಳಿನ ರಿಮ್ಮಿನಲ್ಲಿ ಗಾಳಿಯಿರುವಾಗಲೇ ಹೋಳು ಜೋಡಿಸಿದ ನಟ್ಟು ಸಡಿಲಿಸಿದರೆ ರಿಮ್ಮು ಸಿಡಿದು ಎದುರಿದ್ದವರ ಪ್ರಾಣ ಹೋಗುತ್ತದೆ. ಮೊದಲು ವಾಲ್ವಿನ ಒಳತುಂಡು ತೆಗೆದು ಗಾಳಿಯನ್ನು ಪೂರ್ತಿ ಖಾಲಿ ಮಾಡಿ, ಆಮೇಲೆ ಪಾನಾ ಹಿಡಿಯಿರಿ. ಟೈರು ಕೂಡಿಸಿಕೊಂಡಿರುವ ರಿಮ್ಮಿಗೆ ವೆಲ್ಡಿಂಗ್ ಬೇಡವೇ ಬೇಡ, ಗಾಳಿ ತೆಗೆದಿದ್ದರೂ ಬೇಡ. ಕಾದ ರಬ್ಬರಿನಿಂದ ಒಳಗೆ ಅನಿಲ ಹುಟ್ಟಿ ಸ್ಫೋಟವಾಗಬಹುದು. ಅವಸರಪಡಿಸುವ ಮೇಲಧಿಕಾರಿಗೂ ಇದನ್ನು ಹೇಳಿ, ಕೆಲಸವನ್ನು ಅಲ್ಲಿಗೇ ನಿಲ್ಲಿಸಿ.

ನಮಸ್ಕಾರ.